ಕೂದಲ ಬಲೆ

ಹಸಿರು ಉಡುಪು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ನೇತುಬಿದ್ದಿತ್ತು. ಕಿಟಕಿಯಿಂದ ಗಾಳಿ ಬಂದಾಗಲೆಲ್ಲ ಅದರ ಎದೆಭಾಗ ಉಸಿರು ತೆಗೆದುಕೊಂಡಂತೆ ಉಬ್ಬಿ ಮತ್ತೆ ಇಳಿಯುತ್ತಿತ್ತು. ಇಸ್ತ್ರಿಪೆಟ್ಟಿಗೆ ಕಾದು, ಆರಿ, ಮತ್ತೆ ಕಾದಿತ್ತು. ಅದನ್ನು ಕೈಗೆತ್ತಿಕೊಂಡ ಲವೋನ್ ಉಡುಪಿನ ಅಂಚು ಮುಟ್ಟದೆ ಹಾಗೇ ನಿಂತಿದ್ದಳು. ತಲೆಯಿಲ್ಲದ, ಕೈಯಿಲ್ಲದ, ಆದರೂ ಉಸಿರಾಡುವ ಒಂದು ಹೆಣ್ಣಾಕೃತಿ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ತನ್ನನ್ನೇ ಕೇಳುತ್ತಿರುವ ಹಾಗೆ ಅವಳಿಗೆ ಕಂಡಿತು. ಛೆ, ಎಂದು ತಲೆ ಕೊಡವಿಕೊಂಡಳು. ಶನಿವಾರ ಮಧ್ಯಾಹ್ನ ಎರಡೂವರೆ. ಹೊರಗೆ ಲೈಲಾಕ್ ಪೊದೆ ನೇರಳೆ ಹೂ ಬಿಟ್ಟು ನಿಂತಿತ್ತು. ದೂರದ ಹೊಲಗಳಲ್ಲಿ ಬಿತ್ತನೆಯ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಅವುಗಳಲ್ಲೊಂದರ ಮೇಲೆ ಅವಳ ಗಂಡ ವೇಯ್ನ್ ಕೂತು ಯಾರದೋ ಹೊಲಕ್ಕೆ ಮೆಕ್ಕೆಜೋಳ ಬಿತ್ತುತ್ತಿದ್ದ. ಮೇ ತಿಂಗಳ ಮೊದಲ ವಾರದಲ್ಲಿ ನೆಬ್ರಾಸ್ಕದ ಯಾವ ಗಂಡಸೂ ಹಗಲು ಹೊತ್ತು ಮನೆಯಲ್ಲಿರುವುದಿಲ್ಲ. ಮಗಳ ಪ್ರಾಮ್, ಶಾಲೆಯ ಜೋಡಿಕುಣಿತದ ಸಂಜೆ, ಇದ್ದರೂ ಅಷ್ಟೆ, ಮಗಳ ಮತ್ತೊಂದು ಇದ್ದರೂ ಅಷ್ಟೆ. ಆ ‘ಮತ್ತೊಂದು’ ಎಂಬ ಮಾತಿಗೆ ಮನಸ್ಸು ಮುಳ್ಳಿಗೆ ಸೆರಗು ಸಿಕ್ಕಂತೆ ಸಿಕ್ಕಿಕೊಂಡಿತು. ಅವಳು ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟಳು.

ಬಾಯಿಂದ ಹೊರಟ ಮಾತಿಗಿಂತ ಕೈಯಿಂದ ಹೊರಟ ಮಾತು ಭಾರ. ಬಾಯಿ ಮಾತನ್ನು ಗಾಳಿ ಒಯ್ಯುತ್ತದೆ, ಬರೆದದ್ದು ಬರೆದಲ್ಲೇ ಕೂತಿರುತ್ತದೆ. ಪ್ರಾಮ್‌ಗೆ ಮುಂಚಿನ ದಿನಗಳಲ್ಲಿ ಶಾಲೆಯಲ್ಲಿ ವರ್ಷ ವರ್ಷವೂ ಸಾವಿನ ಆಟ ಆಡಿಸುತ್ತಾರೆ. ಕುಣಿತ ಮುಗಿದ ಮೇಲೆ ಮಕ್ಕಳು ಕುಡಿದು ಗಾಡಿ ಓಡಿಸಿ ಸಾಯದಿರಲೆಂದು, ಮೊದಲೇ ಒಂದು ಸಲ ಸಾಯಿಸಿ ತೋರಿಸುವ ಪದ್ಧತಿ. ನಜ್ಜುಗುಜ್ಜಾದ ಕಾರೊಂದನ್ನು ಶಾಲೆಯ ಮುಂದಿನ ಹುಲ್ಲಿನ ಮೇಲೆ ತಂದಿಡುತ್ತಾರೆ. ಕಪ್ಪು ನಿಲುವಂಗಿಯವನೊಬ್ಬ ಕಾಲು ಗಂಟೆಗೊಮ್ಮೆ ಒಂದು ತರಗತಿಗೆ ನುಗ್ಗಿ ಒಬ್ಬರ ಭುಜ ಮುಟ್ಟಿ ಕರೆದೊಯ್ಯುತ್ತಾನೆ. ಮುಟ್ಟಿಸಿಕೊಂಡವರ ಮುಖಕ್ಕೆ ಬಿಳಿ ಬಣ್ಣ ಬಳಿದು ಮರಳಿ ಕಳಿಸುತ್ತಾರೆ. ಆಮೇಲೆ ಅವರು ಯಾರೊಂದಿಗೂ ಮಾತಾಡುವಂತಿಲ್ಲ, ಅವರನ್ನು ಯಾರೂ ಮಾತಾಡಿಸುವಂತಿಲ್ಲ. ಹೀಗೆ ಸಾಯಲಿರುವವರ ತಂದೆ ತಾಯಿ ಮೊದಲೇ ಮರಣವಾರ್ತೆ ಬರೆದುಕೊಟ್ಟಿರಬೇಕು. ಲವೋನ್ ಸೋಮವಾರ ಇದೇ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದಳು. ‘ಬುಧವಾರದ ತಾರೀಖು ಹಾಕಿ’ ಎಂದು ಉಪಪ್ರಾಂಶುಪಾಲ ಸ್ಟ್ರೂಬ್ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಆದರೆ ಫ್ರಿಜ್ಜಿನ ಬಾಗಿಲ ಮೇಲಿನ ಕ್ಯಾಲೆಂಡರಿನಲ್ಲಿ ಎರಡು ತಿಂಗಳಿಂದ ಕೆಂಪು ಸುತ್ತು ಹಾಕಿಸಿಕೊಂಡು ಕೂತಿದ್ದ ತಾರೀಖು ಒಂದೇ, ಪ್ರಾಮ್‌ನ ಶನಿವಾರ. ಕಣ್ಣು ಅಲ್ಲಿತ್ತು, ಕೈ ಬರೆಯಿತು. ‘ಹದಿನೇಳು ವರ್ಷದ ಬ್ರಿಟಾ ಮೇ ಮೂರರ ಶನಿವಾರ ದೇವರ ಪಾದ ಸೇರಿದಳು.’ ಆ ತಪ್ಪನ್ನು ಅವಳು ನೋಡಿಕೊಂಡಿದ್ದು ಗುರುವಾರ ಮಧ್ಯಾಹ್ನ, ಊರಿನ ವಾರಪತ್ರಿಕೆಯಲ್ಲಿ ಅಚ್ಚಾಗಿ ಬಂದ ಮೇಲೆ. ಎಂಟು ಮರಣವಾರ್ತೆಗಳಲ್ಲಿ ಅವಳದೇ ಚೆನ್ನಾಗಿದೆಯೆಂದು ಅದೊಂದನ್ನೇ ಹಾಕಿದ್ದರು.

ಚೆನ್ನಾಗಿದೆಯೆಂದು. ಅವಳ ಬದುಕಿನಲ್ಲಿ ಅವಳು ಮಾಡಿದ ಯಾವುದನ್ನೂ ಆ ಊರು ಹಾಗೆ ಹೇಳಿರಲಿಲ್ಲ. ಹನ್ನೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ, ಊಟಕ್ಕೆ ಕೂದಲು ಉದುರದಂತೆ ತಲೆಗೆ ಬಲೆ ಕಟ್ಟಿಕೊಂಡು, ಸೌಟು ಹಿಡಿದು ನಿಂತವಳು. ಎಲ್ಲ ಮಕ್ಕಳ ತಟ್ಟೆಯನ್ನೂ ಕಂಡವಳು, ತನ್ನ ಮುಖವನ್ನು ಯಾರಿಗೂ ಕಾಣಿಸದವಳು. ಒಮ್ಮೆ ಅಂಗಡಿಯಲ್ಲಿ ಒಬ್ಬ ಹುಡುಗ ಅವಳನ್ನು ಬಲೆಯಿಲ್ಲದೆ ಕಂಡು ಗುರುತು ಹಿಡಿಯದೆ ‘ನಿಮ್ಮನ್ನ ಎಲ್ಲೋ ನೋಡಿದೀನಿ’ ಎಂದಿದ್ದ. ಅಂದೇ ಮಧ್ಯಾಹ್ನ ಅವನಿಗೆ ಆಲೂಗಡ್ಡೆ ಬಡಿಸಿದ್ದಳು. ಅಂಥವಳು ಗುರುವಾರ ಬೆಳಿಗ್ಗೆ ಜಿಮ್‌ನಲ್ಲಿ, ಶಾಲೆಯ ಆಟದ ಹಜಾರದಲ್ಲಿ, ಮೈಕಿನ ಮುಂದೆ ನಿಂತು ಮಗಳ ಮರಣವಾರ್ತೆ ಓದಿದಾಗ ನಾನೂರು ಜನ ಉಸಿರು ಬಿಗಿಹಿಡಿದರು; ತಾರೀಖಿನ ತಪ್ಪು ಯಾರ ಕಿವಿಗೂ ಬೀಳಲಿಲ್ಲ, ಅವಳ ಕಿವಿಗೂ. ಮೂರನೆಯ ಸಾಲಿಗೆ ಒಬ್ಬಳು ಬಿಕ್ಕಿದಳು. ಐದನೆಯ ಸಾಲಿಗೆ ಗಂಡು ಹುಡುಗರೂ ತಲೆ ತಗ್ಗಿಸಿದರು. ಅಲ್ಲಿ ಲವೋನ್ ತನ್ನ ದನಿಯನ್ನು ಸ್ವಲ್ಪ ತಗ್ಗಿಸಿದಳು, ಒಂದು ಕ್ಷಣ ನಿಲ್ಲಿಸಿದಳು. ಎಲ್ಲಿ ನಿಲ್ಲಿಸಬೇಕೆಂದು ಅವಳಿಗೆ ಗೊತ್ತಿತ್ತು. ಬರೆಯುವಾಗ ಅತ್ತದ್ದು ನಿಜ. ಆದರೆ ಓದುವಾಗ ಅವಳಿಗೆ ಸುಖವಾಗಿತ್ತು. ಬಿಸಿ ಹಾಲಿನ ಹಾಗೆ ಎದೆಯಿಂದ ಹೊಟ್ಟೆಗೆ ಇಳಿದ ಸುಖ. ಮಗಳು ಸತ್ತ ತಾಯಿಯಾಗಿ ನಿಂತಾಗ ಮಾತ್ರ ಅವಳು ಆ ಊರಿಗೆ ಕಂಡಿದ್ದಳು. ಆ ಕಾಣುವಿಕೆ ಅವಳಿಗೆ ಬೇಕಾಗಿತ್ತು. ಇದನ್ನು ಪಾದ್ರಿಗೆ ಹೇಳಿಕೊಳ್ಳಲಾಗುವುದಿಲ್ಲ. ದೇವರಿಗೆ ಹೇಳಬೇಕಾದ್ದಿಲ್ಲ, ಅವನು ಅಲ್ಲೇ ಮೇಲಿನ ಸಾಲಿನಲ್ಲಿ ಕೂತು ನೋಡಿದ್ದಾನೆ.

ಬಾಗಿಲ ಗಂಟೆ ಸದ್ದು ಮಾಡಿತು. ಮೆಟ್ಟಿಲಿಳಿದು ಬಂದ ಬ್ರಿಟಾ, ಕೂದಲಿಗೆಲ್ಲ ಸುರುಳಿಗಳನ್ನು ಸಿಕ್ಕಿಸಿಕೊಂಡು, ವೇಯ್ನ್‌ನ ಹಳೆಯ ಅಂಗಿ ತೊಟ್ಟುಕೊಂಡೇ ಬಾಗಿಲು ತೆಗೆದಳು. ಹೊರಗೆ ಆರ್ಡಿಸ್ ಅಜ್ಜಿ. ಎಂಬತ್ತೆಂಟು ವರ್ಷ, ಕಪ್ಪು ಕೋಟು, ಎರಡೂ ಕೈಯಲ್ಲಿ ಬೆಳ್ಳಿಹಾಳೆ ಮುಚ್ಚಿದ ಗಾಜಿನ ಪಾತ್ರೆ. ಊರಲ್ಲಿ ಯಾರು ಸತ್ತರೂ ಮೊದಲು ಆ ಮನೆಯ ಬಾಗಿಲಿಗೆ ಬರುವುದು ಅವಳ ಆಲೂಗಡ್ಡೆ ಮತ್ತು ಹಂದಿಮಾಂಸ ಬೇಯಿಸಿದ ಪಾತ್ರೆ. ಅದರ ತಳಕ್ಕೆ, ತಪ್ಪದೆ ಮರಳಿ ಬರಲೆಂದು, ಅವಳ ಹೆಸರು ಬರೆದ ಪಟ್ಟಿ ಅಂಟಿರುತ್ತದೆ.

“ನೀನು ಯಾರಮ್ಮ? ನೆಂಟರ ಪೈಕಿಯೋ?” ಎಂದಳು ಅಜ್ಜಿ.

“ಇಲ್ಲ ಅಜ್ಜಿ,” ಎಂದಳು ಬ್ರಿಟಾ. “ನಾನೇ. ಸತ್ತವಳು.”

ಲವೋನ್ ಓಡಿ ಬಂದು ಪಾತ್ರೆ ಇಸಿದುಕೊಂಡ ಕೂಡಲೇ ಅಜ್ಜಿ ಬ್ರಿಟಾಳ ಕೆನ್ನೆ ಮುಟ್ಟಿ, ಕಿವಿ ಮುಟ್ಟಿ, ಕೂದಲ ಸುರುಳಿಯೊಂದನ್ನು ಮೆಲ್ಲಗೆ ಒತ್ತಿ ನೋಡಿದಳು. ಒಳಗೆ ಕೂರಿಸಿ, ನೀರು ಕೊಟ್ಟು, ಪೇಪರಿನಲ್ಲಿ ಮರಣವಾರ್ತೆಯ ಕೆಳಗಿದ್ದ ಸಣ್ಣಕ್ಷರದ ಸಾಲನ್ನು ಓದಿ ಹೇಳಿದ್ದಾಯಿತು. ಇದು ಶಾಲೆಯ ಅಣಕು ಕಾರ್ಯಕ್ರಮದ ಭಾಗ ಎಂಬುದನ್ನು ಅಜ್ಜಿ ಎರಡು ಸಲ ಹೇಳಿಸಿಕೊಂಡಳು.

“ಭೂತಗನ್ನಡಿ ಹಿಡಿದು ನಾನು ಓದೋದು ಅದೊಂದೇ ಪುಟ ಕಣೇ ಲವೋನ್. ಉಳಿದಿದ್ದು ಯಾರಿಗೆ ಬೇಕು. ಆದ್ರೆ ಗುರುವಾರ ಓದ್ದಾಗಲೇ ನಂಗೆ ಒಂಥರಾ ಅನ್ನಿಸ್ತು. ಬರೋ ಶನಿವಾರ ಹೋಗ್ತಾಳೆ ಅಂತ ಗುರುವಾರವೇ ಹೆಂಗೆ ಗೊತ್ತಾಯ್ತು ಇವರಿಗೆ ಅಂತ.”

“ಮತ್ತೆ ಏನಂದ್ಕೊಂಡ್ರಿ?” ಬ್ರಿಟಾ ಕುರ್ಚಿಯ ಬೆನ್ನಿಗೆ ಗದ್ದ ಊರಿ ಕೇಳಿದಳು. ಅವಳ ಕಣ್ಣಲ್ಲಿ, ಎಷ್ಟೋ ದಿನಕ್ಕೆ, ಒಂದು ಬೆಳಕಿತ್ತು.

“ಕ್ಯಾನ್ಸರ್ ಇರ್ಬೇಕು, ಡಾಕ್ಟರು ದಿನ ಹೇಳಿರ್ಬೇಕು ಅಂದ್ಕೊಂಡೆ. ಅದಕ್ಕೇ ಗುರುವಾರ ಬರ್ಲಿಲ್ಲ. ಬದುಕಿರೋರ ಮನೆಗೆ ಮುಂಚೇನೇ ಹೋಗೋದು ಸರಿಯಲ್ಲ ನೋಡು. ಶನಿವಾರ ಆಗ್ಲಿ ಅಂತ ಕಾದೆ.”

ಬ್ರಿಟಾ ನಕ್ಕಳು. ಗಟ್ಟಿಯಾಗಿ, ಕುರ್ಚಿ ಅಲುಗುವ ಹಾಗೆ ನಕ್ಕಳು. ಲವೋನಳೂ ನಗಲು ಹೋದಳು. ತುಟಿ ಮಾತ್ರ ಬಿರಿಯಿತು. ಅಜ್ಜಿ ಯಾವುದನ್ನೂ ಲಕ್ಷ್ಯಕ್ಕೆ ತಾರದೆ ಎದ್ದಳು. ಪಾತ್ರೆಯನ್ನು ವಾಪಸ್ಸು ಕೊಡಲು ಲವೋನ್ ಮುಂದಾದಾಗ ಕೈ ಅಡ್ಡ ಹಿಡಿದಳು.

“ಬೇಡ ತಾಯಿ. ಸಾವಿಗೆ ಅಂತ ಬೇಯಿಸಿದ್ದು ಬೇಯಿಸಿದ ಮನೆಗೆ ತಿರುಗಿ ಬರಬಾರದು. ನಮ್ಮಮ್ಮ ಹೇಳ್ತಿದ್ಲು. ಫ್ರೀಜರಲ್ಲಿ ಇಟ್ಕೋ. ಯಾವತ್ತಾದ್ರೂ ಬೇಕಾಗುತ್ತೆ.” ಬಾಗಿಲಲ್ಲಿ ನಿಂತು ಬ್ರಿಟಾಳ ಕಡೆ ತಿರುಗಿದಳು. “ಚೆಂದ ಕುಣಿ, ಮಗಾ. ಆದ್ರೆ ಒಂದು ಮಾತು. ನೀನು ತುಂಬ ಬೇಗ ಅಂದ್ಬಿಟ್ಟೆ, ನಾನೇ ಸತ್ತವಳು ಅಂತ. ಅಷ್ಟು ಸಲೀಸಾಗಿ ಅನ್ನಬಾರದು.”

ಪಾತ್ರೆಯನ್ನು ಫ್ರೀಜರಿನಲ್ಲಿಡುವಾಗ ಲವೋನಳ ಕೈಗೆ ತಳದ ಬಿಸಿ ತಾಗಿತು. ಬಟಾಣಿಯ ಚೀಲಗಳನ್ನು ಸರಿಸಿ ಜಾಗ ಮಾಡಿ, ಮುಚ್ಚಿ, ಮತ್ತೆ ತೆಗೆದು ನೋಡಿದಳು. ಬೆಳ್ಳಿಹಾಳೆಯ ಮೇಲೆ ಆಗಲೇ ಆವಿ ಹನಿಗಟ್ಟುತ್ತಿತ್ತು. ಹಿಂದೆ, ಬ್ರಿಟಾ ನಾಲ್ಕನೆಯ ವಯಸ್ಸಿನಲ್ಲಿ ಜ್ವರದಲ್ಲಿ ಬಿದ್ದಾಗ, ಇದೇ ಫ್ರೀಜರಿನ ಮಂಜನ್ನು ಕೆರೆದು ಅವಳ ಹಣೆಗೆ ಇಟ್ಟಿದ್ದಳು. ಆಗ ಮಗು ಕಣ್ಣು ತೆರೆದು ‘ಅಮ್ಮ, ನೀನು ಹೋಗ್ತೀಯಾ’ ಎಂದು ಕೇಳಿತ್ತು. ಎಲ್ಲಿಗೂ ಹೋಗಲ್ಲ ಎಂದಿದ್ದಳು. ಆ ಮಗು ಯಾವ ವರ್ಷ, ಯಾವ ತಿಂಗಳು ತನ್ನನ್ನು ಕೇಳುವುದನ್ನು ಬಿಟ್ಟಿತೆಂದು ಅವಳು ಲೆಕ್ಕ ಹಾಕಲು ಹೋದರೆ ಸಿಗುವುದೇ ಇಲ್ಲ. ಒಂದು ದಿನ ಇತ್ತು, ಒಂದು ದಿನ ಇರಲಿಲ್ಲ, ನಡುವೆ ಗೋಡೆ ಕಟ್ಟಿದ ಸದ್ದೂ ಆಗಿರಲಿಲ್ಲ.

ನಾಲ್ಕೂವರೆಗೆ ಬ್ರಿಟಾ ಮೇಲಿಂದ ಕರೆದಳು. ಉಡುಪಿನ ಬೆನ್ನಿನ ಜಿಪ್ ಅರ್ಧಕ್ಕೆ ನಿಂತಿತ್ತು. ಲವೋನ್ ಹಿಂದೆ ನಿಂತು ಒಂದು ಕೈಯಲ್ಲಿ ಬಟ್ಟೆ ಕೂಡಿಸಿ ಹಿಡಿದು ಇನ್ನೊಂದರಲ್ಲಿ ಮೇಲಕ್ಕೆಳೆದಳು. ಮಗಳ ಬೆನ್ನುಹುರಿಯ ಗಂಟುಗಳು ಒಂದೊಂದಾಗಿ ಹಸಿರಿನೊಳಗೆ ಮುಚ್ಚಿಹೋದವು. ಇಷ್ಟು ಸೊರಗಿದ್ದಾಳಾ ಇವಳು? ದಿನವೂ ತಟ್ಟೆ ತುಂಬ ಬಡಿಸುವವಳು ನಾನೇ. ತಿಂದು ಬಿಟ್ಟ ತಟ್ಟೆ ತೊಳೆಯುವ ಕಡೆ ಮಾತ್ರ ನಾನಿರುವುದಿಲ್ಲ.

“ಕೈ ತೊಳ್ಕೊಂಡ್ಯಾ? ಈರುಳ್ಳಿ ವಾಸನೆ.”

“ಎರಡು ಸಲ ತೊಳ್ಕೊಂಡೆ ಕಣೇ. ಹೋಗಲ್ಲ ಅದು.” ಜಿಪ್ಪಿನ ಮೇಲಿನ ಕೊಕ್ಕೆಯನ್ನು ಕುಣಿಕೆಗೆ ಸಿಕ್ಕಿಸಲು ಹೆಣಗುತ್ತ ಲವೋನ್ ಕೇಳಿದಳು: “ಆ ಕಾಗದ ಬರೆದ್ಯಲ್ಲ, ಬುಧವಾರ. ಸತ್ತೋರು ಅಪ್ಪ ಅಮ್ಮಂಗೆ ಬರೆಯೋದು. ನಂಗೆ ಇನ್ನೂ ಕೊಟ್ಟಿಲ್ಲ.”

“ಇವತ್ತು ಕೊಡ್ತಾರಂತೆ. ಜಿಮ್ ಬಾಗಿಲಲ್ಲಿ, ಸ್ಟ್ರೂಬ್.” ಬ್ರಿಟಾ ಕನ್ನಡಿಯಲ್ಲಿ ತನ್ನ ಕತ್ತಿನ ಕೆಳಗೆ ಎಲ್ಲೋ ನೋಡುತ್ತಿದ್ದಳು. “ಓದಬೇಕು ಅಂತೇನಿಲ್ಲ.”

“ಯಾಕೆ?”

“ಎಲ್ಲರೂ ಬರೆದ್ರು, ನಾನೂ ಬರೆದೆ. ನೀನು ಬರೀಲಿಲ್ವಾ, ಹಂಗೇ.” ಆಮೇಲೆ, ದನಿ ಏರಿಸದೆ, ಕಿವಿಯ ಓಲೆ ಹುಡುಕುತ್ತ ಹೇಳಿದಳು: “ದಿನಾ ಊಟದ ಸಾಲಲ್ಲಿ ತಟ್ಟೆ ತಗೊಳ್ಳೋವಾಗ ನನ್ನ ಮುಖ ನೋಡಿ ಥ್ಯಾಂಕ್ಸ್ ಹೇಳ್ತಿದ್ಲು ಅಂತ ಬರೆದ್ಯಲ್ಲ.”

ಲವೋನಳ ಕೈ ನಿಂತಿತು.

“ನಾನು ಒಂದಿನಾನೂ ಹೇಳಿಲ್ಲ. ನಿಂಗೂ ಗೊತ್ತು, ನಂಗೂ ಗೊತ್ತು. ನನ್ನ ಹಿಂದೆ ನಿಂತ್ಕೊಳ್ಳೋ ಹುಡುಗೀರಿಗೆಲ್ಲ ಗೊತ್ತು. ಅವರೂ ಅತ್ರು. ಯಾರ ಬಗ್ಗೆ ಬರೆದೆ ಅಮ್ಮ ನೀನು? ಯಾರು ಸತ್ತಿದ್ದು?”

ಉತ್ತರ ಇತ್ತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯುವುದು ವಾಡಿಕೆ ಎಂಬ ಉತ್ತರ. ಅದನ್ನು ಬದುಕಿರುವವಳ ಬೆನ್ನ ಹಿಂದೆ ನಿಂತು ಹೇಳುವುದು ಹೇಗೆ? ಲವೋನ್ ಕೊಕ್ಕೆ ಸಿಕ್ಕಿಸಿ, ಭುಜದ ಮೇಲಿನ ಒಂದು ನೂಲನ್ನು ಹಲ್ಲಿನಿಂದ ಕಡಿದಳು. ಬುಧವಾರ ಮಧ್ಯಾಹ್ನ ಊಟದ ಸಾಲಿನಲ್ಲಿ ಆ ಬಿಳಿ ಮುಖ ಬಂದು ನಿಂತಾಗಲೂ ಹೀಗೇ ಆಗಿತ್ತು. ಉಳಿದ ದಿನ ಮಗಳು ತಟ್ಟೆ ಚಾಚಿ ಪಕ್ಕಕ್ಕೆ ನೋಡುತ್ತಿದ್ದಳು. ಅಂದು ಮಾತ್ರ ನೇರ ನೋಡಿದಳು. ಮಾತಾಡಬಾರದೆಂಬ ನಿಯಮ ಅವಳ ಬೆಂಬಲಕ್ಕಿತ್ತು. ಸುಣ್ಣದಂಥ ಮುಖದೊಳಗಿಂದ ಎರಡು ಕಣ್ಣು ತನ್ನನ್ನು ನೋಡುತ್ತಿದ್ದಾಗ ಲವೋನ್ ಗಾಬರಿಯಲ್ಲಿ ಏನು ಬಡಿಸಿದಳೋ ಅವಳಿಗೆ ನೆನಪಿಲ್ಲ.

ಬ್ರಿಟಾಳನ್ನು ಪ್ರಾಮ್‌ಗೆ ಕರೆದೊಯ್ಯಲು ಬಂದ ಜೊತೆಗಾರ ಗ್ಯಾರೆಟ್ ಟ್ರ್ಯಾಕ್ಟರ್ ತಂದಿದ್ದ. ಆ ಊರಲ್ಲಿ ಪ್ರಾಮ್‌ಗೆ ಯಾರು ಯಾವ ವಾಹನದಲ್ಲಿ ಬರುತ್ತಾರೆಂಬುದೇ ಒಂದು ಪಂದ್ಯ; ಒಬ್ಬ ಅಜ್ಜನ ಕಾಲದ ಕಾರು ತಂದರೆ ಒಬ್ಬ ಬೆಂಕಿ ಆರಿಸುವ ಗಾಡಿಯನ್ನೇ ತರುತ್ತಾನೆ. ಇವನು ಬಿತ್ತನೆಯಿಂದ ಬಿಡಿಸಿ ತಂದ ಹಸಿರು ಟ್ರ್ಯಾಕ್ಟರನ್ನು ಚಕ್ರದ ಸಂದುಗೊಂದಿಯ ಮಣ್ಣು ಹೋಗುವ ಹಾಗೆ ತೊಳೆದಿದ್ದ. ಉದ್ದ ಕಾಲಿನ, ಕಿವಿ ಕೆಂಪಗಾಗುವ ಹುಡುಗ. ಬಾಡಿಗೆ ಕೋಟಿನ ತೋಳು ಮಣಿಕಟ್ಟಿಗಿಂತ ಎರಡು ಬೆರಳು ಮೇಲೆ ನಿಂತಿತ್ತು.

“ನಿಮ್ಮಪ್ಪ ಬಿಟ್ರಾ, ಬಿತ್ತನೆ ಕಾಲದಲ್ಲಿ?” ಎಂದಳು ಲವೋನ್.

“ಹತ್ತು ಗಂಟೆ ಒಳಗೆ ವಾಪಸ್ ಹೊಲಕ್ಕೆ ಬರ್ಬೇಕು ಅಂದಿದಾರೆ ಆಂಟಿ. ನಾನಲ್ಲ, ಟ್ರ್ಯಾಕ್ಟರು.” ಅವನು ಹೂವಿನ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದಿದ್ದ. “ಭಯ ಬೀಳ್ಬೇಡಿ. ಗಂಟೆಗೆ ಹದಿನೆಂಟು ಮೈಲಿ. ಎಮ್ಮೆ ಕೂಡ ಓವರ್‌ಟೇಕ್ ಮಾಡುತ್ತೆ.”

“ಭಯ ನಂಗೇನಿಲ್ಲಪ್ಪ.”

“ಪೇಪರಲ್ಲಿ ಓದ್ದೆ ನಾನೂ. ತುಂಬ ಚೆನ್ನಾಗಿತ್ತು,” ಎಂದವನು ಅದು ಹೇಳಬಾರದ ಮಾತೆಂದು ತಿಳಿದು ಕಿವಿ ಕೆಂಪಗೆ ಮಾಡಿಕೊಂಡ. ಬ್ರಿಟಾ ಮಣಿಕಟ್ಟು ಚಾಚಿದಳು. ಬಿಳಿ ಹೂಗಳ ಕಟ್ಟನ್ನು ಅವನು ಕಟ್ಟುತ್ತಿದ್ದಾಗ ಆ ಹೂಗಳ ತಣ್ಣನೆಯ ವಾಸನೆ, ಹೂವಿನಂಗಡಿಯ ಫ್ರಿಜ್ಜಿನ ವಾಸನೆ, ಲವೋನಳ ಮೂಗಿಗೆ ಬಂತು. ಈ ಊರಲ್ಲಿ ಹೂವಿನಂಗಡಿ ಒಂದೇ; ಹಸೆಗೂ ಅಲ್ಲಿಂದಲೇ, ಹೆಣಕ್ಕೂ ಅಲ್ಲಿಂದಲೇ. ಲೈಲಾಕ್ ಪೊದೆಯ ಮುಂದೆ ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದಳು. ಗುಂಡಿ ಒತ್ತುವ ಮೊದಲು ‘ನಗು’ ಎಂದಳು. ಬ್ರಿಟಾ ನಕ್ಕಳು. ಆ ನಗೆ ಚಿತ್ರದಲ್ಲಿ ಚೆನ್ನಾಗಿ ಬರುತ್ತದೆ, ಚೌಕಟ್ಟು ಹಾಕಿಸಬಹುದು, ಎಲ್ಲಾದರೂ ಮುಂದೆ ಇಟ್ಟು ಪಕ್ಕದಲ್ಲಿ ಮೇಣದ ಬತ್ತಿ... ಲವೋನ್ ಕ್ಯಾಮೆರಾ ಕೆಳಗಿಳಿಸಿ, ಸಾಕು ಹೊರಡಿ ಎಂದಳು. ಮೇಣದ ಬತ್ತಿಯ ಯೋಚನೆಯನ್ನು ಯಾರು ತಂದು ತನ್ನ ತಲೆಯೊಳಗಿಟ್ಟರೋ. ಒಮ್ಮೆ ಬರೆದ ಕೈ ಬರೆಯುತ್ತಲೇ ಇರುತ್ತದೆ.

ಆರೂವರೆಗೆ ಮೆರವಣಿಗೆ. ಕುಣಿತಕ್ಕೆ ಮುಂಚೆ ಜೋಡಿಗಳು ಜಿಮ್‌ನ ನಡುವೆ, ಇಡೀ ಊರು ನೋಡುವ ಹಾಗೆ, ಕಮಾನಿನ ಕೆಳಗಿಂದ ನಡೆದು ಬರಬೇಕು. ಏಳಕ್ಕೆ ದೊಡ್ಡವರೆಲ್ಲ ಹೊರಗೆ. ಹನ್ನೊಂದನೆಯ ತರಗತಿಯ ಮಕ್ಕಳು ಸೂರಿನಿಂದ ಬೆಳ್ಳಿಹಾಳೆಯ ನಕ್ಷತ್ರಗಳನ್ನು ನೂಲಿನಲ್ಲಿ ಇಳಿಬಿಟ್ಟಿದ್ದರು. ಲವೋನ್ ತನ್ನ ಭಾನುವಾರದ ನೀಲಿ ಉಡುಪಿನಲ್ಲಿ ಮೆಟ್ಟಿಲುಸಾಲಿನಲ್ಲಿ ಕೂತಳು. ಈ ಸಂಜೆಯ ಊಟ ಬಡಿಸಲು ಕೈ ಸಾಲದೆಂದು ಅಡುಗೆಯ ಮುಖ್ಯಸ್ಥೆ ಪೆಗ್ ಎರಡು ಸಲ ಕೇಳಿದ್ದಳು. ‘ಈ ಒಂದು ದಿನ ಬಿಟ್ಬಿಡು ಪೆಗ್, ಒಂದು ದಿನ ತಾಯಿಯಾಗಿ ಮೇಲೆ ಕೂತ್ಕೋತೀನಿ’ ಎಂದಿದ್ದಳು ಇವಳು. ಈಗ ಕೂತಳು. ಪಕ್ಕದ ಹೆಂಗಸು ತೊಡೆ ತಟ್ಟಿದಳು.

“ನಿನ್ನ ಓದು ಕೇಳಿ ಎರಡು ದಿನ ಅತ್ತೆ ಕಣೇ. ನಮ್ಮೋರಂತೂ ಅಂದ್ರು, ಆಯಮ್ಮ ಇಷ್ಟು ದಿನ ಎಲ್ಲಿದ್ಲು ಅಂತ.”

ಅಡುಗೆಮನೆಯಲ್ಲಿ, ಎನ್ನಲಿಲ್ಲ ಲವೋನ್. ಆ ಬಿಸಿ ಹಾಲು ಮತ್ತೆ ಎದೆಯಿಂದ ಇಳಿಯಿತು. ಇಷ್ಟಾದರೂ ಇಳಿಯಿತಲ್ಲ ಎಂದು ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಅಷ್ಟರಲ್ಲಿ ಸ್ಟ್ರೂಬ್ ಮೈಕಿನ ಮುಂದೆ ನಿಂತು ಹೆಸರುಗಳನ್ನು ಓದತೊಡಗಿದರು. ಅದೇ ಮೈಕು, ಅದೇ ದನಿ. ಮೊನ್ನೆ ಸತ್ತವರ ಎಂಟು ಹೆಸರು ಓದಿದ್ದೂ ಅದೇ ನಿಧಾನದಲ್ಲಿ, ಅದೇ ಗೌರವದಲ್ಲಿ. ಒಂದೊಂದು ಹೆಸರಿಗೂ ಒಂದು ಜೋಡಿ ಕಮಾನಿನಿಂದ ಹೊರಬಂದು, ದೀಪ ಮುಖಕ್ಕೆ ಬಿದ್ದು, ಬೆಳ್ಳಗೆ, ತುಂಬ ಬೆಳ್ಳಗೆ ಕಂಡು, ಮುಂದೆ ಹೋಗುತ್ತಿತ್ತು. “ಬ್ರಿಟಾ. ಲವೋನ್ ಮತ್ತು ವೇಯ್ನ್ ದಂಪತಿಗಳ ಮಗಳು.” ಚಪ್ಪಾಳೆ ಉಳಿದವರಿಗಿಂತ ಜೋರಾಗಿ ಎದ್ದಿತು, ಸತ್ತು ಬಂದವಳಿಗೆ ಊರು ಕೊಟ್ಟ ಚಪ್ಪಾಳೆ. ಕೆಲವರು ತಿರುಗಿ ಲವೋನಳನ್ನು ನೋಡಿದರು. ಬ್ರಿಟಾ ಯಾರನ್ನೂ ನೋಡಲಿಲ್ಲ. ಗ್ಯಾರೆಟ್‌ನ ತೋಳಿನ ಮೇಲೆ ಕೈಯಿಟ್ಟು, ಇದು ಬೇಗ ಮುಗಿದರೆ ಸಾಕೆಂಬ ನಡಿಗೆಯಲ್ಲಿ, ನಕ್ಷತ್ರಗಳ ಕೆಳಗೆ ಹಾದುಹೋದಳು.

ಹೊರಬರುವಾಗ ಸ್ಟ್ರೂಬ್ ಕವರು ಕೊಟ್ಟರು. “ಇದರಲ್ಲಿ ಏನಿದೆ ಅಂತ ನಾವು ಯಾರೂ ಓದಿಲ್ಲಮ್ಮ. ಅದು ಮಕ್ಕಳಿಗೆ ಕೊಟ್ಟ ಮಾತು,” ಎಂದರು, ಒಳ್ಳೆಯ ಮನುಷ್ಯ.

ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಎದುರಿನ ಹುಲ್ಲಿನ ಮೇಲೆ ನಜ್ಜುಗುಜ್ಜಾದ ಆ ಕಾರು ಹಾಗೇ ಇತ್ತು, ಒಡೆದ ಗಾಜಿನಲ್ಲಿ ಸಂಜೆಯ ಬಿಸಿಲು ಚೂರುಚೂರಾಗಿ. ಓದಬೇಕು ಅಂತೇನಿಲ್ಲ ಎಂದಿದ್ದಳು. ಓದಬೇಡ ಎಂದಿರಲಿಲ್ಲ. ಲವೋನ್ ಕವರಿನ ಅಂಚನ್ನು ಬೆರಳಿನಿಂದ ಬಿಡಿಸಿದಳು. ಮೊದಲ ಸಾಲು ಎಲ್ಲರಿಗೂ ಒಂದೇ, ಅಚ್ಚು ಹಾಕಿದ್ದು: ‘ಅಮ್ಮ, ಅಪ್ಪ, ಇವತ್ತು ನಾನು ಸತ್ತೆ. ನಿಮಗೆ ಹೇಳಲಾಗದೆ ಉಳಿದದ್ದು...’ ಅದರ ಕೆಳಗೆ ಬ್ರಿಟಾಳ ಸಣ್ಣ, ಒತ್ತಿ ಬರೆದ ಅಕ್ಷರ.

‘ಬೆಳಿಗ್ಗೆಯಿಂದ ಯಾರೂ ನನ್ನನ್ನು ಮಾತಾಡಿಸಲಿಲ್ಲ. ದಿನವೂ ಹೆಚ್ಚುಕಡಿಮೆ ಹಾಗೇ. ಆದರೆ ಇವತ್ತು ಅದಕ್ಕೊಂದು ಕಾರಣ ಇತ್ತು, ಅದರಿಂದ ಸುಲಭವಾಯಿತು. ನನ್ನನ್ನು ಹೆಣದ ಗಾಡಿಯಲ್ಲಿ ಮಲಗಿಸಿ ಬಾಗಿಲು ಹಾಕಿದಾಗ ಒಳಗೆ ಕತ್ತಲಿತ್ತು. ನಿದ್ದೆ ಬಂತು. ಎಷ್ಟೋ ತಿಂಗಳಿಂದ ನನಗೆ ಹಾಗೆ ನಿದ್ದೆ ಬಂದಿಲ್ಲ. ಎಬ್ಬಿಸಿದಾಗ ಬೇಜಾರಾಯಿತು. ಇದನ್ನು ಬರೆಯಬಾರದೇನೋ. ಪಕ್ಕದವರೆಲ್ಲ ಕ್ಷಮಿಸಿ ಅಂತ ಬರೆಯುತ್ತಿದ್ದಾರೆ. ಅಮ್ಮ, ನೀನು ಇವತ್ತು ನನಗೆ ಜೋಳದ ಕಾಳು ಎರಡು ಸಲ ಹಾಕಿದೆ. ನೋಡಿದೆ.’

ಅವಳು ಕಾಗದವನ್ನು ಮಡಿಚಿದಳು. ಮತ್ತೆ ಬಿಡಿಸಿ, ಕೊನೆಯ ಎರಡು ಮಾತನ್ನು ಓದಿದಳು. ತಾನು ನೋಡಿಕೊಂಡಿರದ ತನ್ನ ಕೈಯನ್ನು ಮಗಳು ನೋಡಿದ್ದಳು. ನಾನು ತಾರೀಖಿಗೆ ಹೆದರಿದ್ದೆ, ಗಾಡಿಗೆ, ಹುಡುಗರ ಕುಡಿತಕ್ಕೆ, ಕಾಗದದ ಮೇಲೆ ಕೂತ ಅಕ್ಷರಕ್ಕೆ ಹೆದರಿದ್ದೆ. ಹೆದರಿಕೆಯೆಲ್ಲ ಹೊರಬಾಗಿಲಿಗೆ ಅಗುಳಿ ಹಾಕುತ್ತ ನಿಂತಿತ್ತು. ಒಳಗಿನ ಕೋಣೆಯಲ್ಲಿ ಮಗು ಎಷ್ಟೋ ತಿಂಗಳಿಂದ ಎಚ್ಚರವಾಗಿ ಮಲಗಿತ್ತು. ತಾನು ಬರೆದ ಮರಣವಾರ್ತೆಯಲ್ಲಿ ಏನೆಲ್ಲ ಇತ್ತು, ಹಾಡುತ್ತಿದ್ದಳು, ನಗುತ್ತಿದ್ದಳು, ಥ್ಯಾಂಕ್ಸ್ ಹೇಳುತ್ತಿದ್ದಳು. ಅವಳಿಗೆ ನಿದ್ದೆ ಬರುತ್ತಿರಲಿಲ್ಲ ಎಂಬುದೊಂದು ಇರಲಿಲ್ಲ. ಊರೆಲ್ಲ ಅತ್ತದ್ದು ಯಾರಿಗೋ. ದೇವರೇ, ಎಂದಳು ಲವೋನ್, ಅಷ್ಟೇ ಅಂದಳು. ಮುಂದಿನ ಮಾತಿಗೆ ಕಾಯುವ ತಾಳ್ಮೆ ಅವನಿಗೂ ಇರಬೇಕು. ಸುತ್ತ ಒಂದೊಂದೇ ಕಾರು ಹೊರಡುತ್ತಿತ್ತು. ತಂದೆ ತಾಯಿಗಳು ಕಿಟಕಿಯಿಂದ ಕೈ ಬೀಸುತ್ತಿದ್ದರು. ಜಿಮ್‌ನ ಮುಂಬಾಗಿಲಿಗೆ ಆಗಲೇ ಒಬ್ಬ ಮೇಷ್ಟರು ಅಡ್ಡ ನಿಂತಿದ್ದರು. ಏಳರ ಮೇಲೆ ದೊಡ್ಡವರಿಗೆ ಒಳಗೆ ಬಿಡುವುದಿಲ್ಲ, ಅದು ಮಕ್ಕಳ ಹೊತ್ತು. ಈಗ ಹೋಗಿ ನನ್ನ ಮಗಳನ್ನು ಕರೆಯಿರಿ ಎಂದರೆ ನೂರು ಕಣ್ಣು ತಿರುಗುತ್ತವೆ, ಆ ಬಿಳಿ ಮುಖ ಮತ್ತೆ ಬಂದು ಕೂರುತ್ತದೆ, ಈ ಸಲ ಬಣ್ಣವಿಲ್ಲದೆ. ಆಮೇಲೆ ಅವಳು ಎಂದೂ ಏನೂ ಬರೆಯುವುದಿಲ್ಲ.

ಲವೋನ್ ಕಾರಿನಿಂದ ಇಳಿದು ಶಾಲೆಯ ಹಿಂದಕ್ಕೆ ನಡೆದಳು. ಕಸದ ಡಬ್ಬಿಗಳ ಪಕ್ಕದ ಅಡುಗೆಮನೆಯ ಬಾಗಿಲಿಗೆ ಇಟ್ಟಿಗೆ ಅಡ್ಡ ಇಟ್ಟಿದ್ದರು, ಎಂದಿನಂತೆ. ಒಳಗೆ ಪೆಗ್ ಕೋಳಿಯ ತಟ್ಟೆಗಳನ್ನು ಒಲೆಯಿಂದ ಎಳೆಯುತ್ತ ಬೆವರಿದ್ದಳು.

“ಏನೇ, ಮಹಾರಾಣಿ. ಮೇಲೆ ಕೂತು ಕಾಲು ನೋವು ಬಂತಾ?”

“ಜೋಳ ಯಾರು ಬಡಿಸ್ತಿದಾರೆ?”

“ಯಾರೂ ಇಲ್ಲ. ಮಕ್ಕಳೇ ಹಾಕ್ಕೊಳ್ಲಿ ಅಂತಿದ್ದೆ.” ಪೆಗ್ ಅವಳ ನೀಲಿ ಉಡುಪನ್ನು ಮೇಲಿಂದ ಕೆಳಗೆ ನೋಡಿದಳು, ಆಮೇಲೆ ಮುಖವನ್ನು. ಕೇಳಲು ಹೊರಟಿದ್ದನ್ನು ನುಂಗಿಕೊಂಡು ಮೊಳೆಯಿಂದ ಏಪ್ರನ್ ತೆಗೆದುಕೊಟ್ಟಳು. “ಬಲೆ ಅಲ್ಲಿದೆ.”

ಲವೋನ್ ಬೆಳಿಗ್ಗೆಯಷ್ಟೇ ಅಂಗಡಿಯಲ್ಲಿ ಗುಂಗುರು ಮಾಡಿಸಿಕೊಂಡಿದ್ದ ಕೂದಲನ್ನು ಒಟ್ಟುಗೂಡಿಸಿ ಬಲೆಯೊಳಗೆ ತುರುಕಿದಳು. ಕನ್ನಡಿಯಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹನ್ನೊಂದು ವರ್ಷ ಅವಳನ್ನು ಅವಮಾನಿಸಿದ ಆ ಬಲೆ ಹಣೆಯ ಮೇಲೆ ಬಿಗಿಯುತ್ತಿದ್ದಂತೆ, ಯಾರೋ ತನ್ನ ಮೇಲೊಂದು ಕಂಬಳಿ ಹೊದೆಸಿದ ಹಾಗಾಯಿತು. ಬಲೆಯೊಳಗಿನ ಹೆಂಗಸನ್ನು ಯಾರೂ ನೋಡುವುದಿಲ್ಲ. ಯಾರೂ ನೋಡದವಳು ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಹುದು. ಅವಳು ತಟ್ಟೆಗಳ ಹಿಂದೆ ಹೋಗಿ ನಿಂತಳು. ಬಾಗಿಲ ಮೇಷ್ಟರು ಅವಳ ಪಕ್ಕದಲ್ಲೇ ಹಾದು ಕಾಫಿ ತೆಗೆದುಕೊಂಡು ಹೋದರು, ಅವರ ಕಣ್ಣು ಅವಳ ಮೇಲೆ ನಿಲ್ಲಲಿಲ್ಲ.

ಮಕ್ಕಳು ಬಂದರು. ರೇಷ್ಮೆ, ಮಿನುಗು, ಬಾಡಿಗೆ ಕೋಟು, ಅಗ್ಗದ ಸೆಂಟು. ತಟ್ಟೆಗಳು ಚಾಚಿದವು, ಅವಳು ಬಡಿಸಿದಳು. ಮೊನ್ನೆ ಅವಳ ಮಾತಿಗೆ ಅತ್ತ ಹುಡುಗಿಯೊಬ್ಬಳು ಅವಳನ್ನು ಗುರುತಿಸದೆ ‘ಕಮ್ಮಿ ಹಾಕಿ’ ಎಂದಳು. ಹನ್ನೆರಡನೆಯದೋ ಹದಿಮೂರನೆಯದೋ ತಟ್ಟೆ ಬಂದು ನಿಂತಾಗ ಅವಳು ಮೊದಲು ಕಂಡದ್ದು ಮಣಿಕಟ್ಟಿನ ಬಿಳಿ ಹೂ. ಒಂದು ಸೌಟು ಜೋಳ ಹಾಕಿದಳು. ಇನ್ನೊಂದು ಸೌಟು ಹಾಕಿದಳು. ತಟ್ಟೆ ಮುಂದೆ ಸರಿಯಲಿಲ್ಲ.

“ಓದಿದ್ಯಾ,” ಎಂದಳು ಬ್ರಿಟಾ.

“ಓದಿದೆ.”

“ಕೋಪಾನಾ?”

“ಇಲ್ಲ ಮಗಳೇ.”

ಹಿಂದೆ ಗ್ಯಾರೆಟ್, ಅವನ ಹಿಂದೆ ಸಾಲು. ಯಾರೋ ಬೇಗ ನಡೀರಪ್ಪ ಎಂದರು. ಬ್ರಿಟಾ ತಟ್ಟೆಯ ಮೇಲಿನ ಹಳದಿ ಗುಡ್ಡೆಯನ್ನು ನೋಡುತ್ತ ನಿಂತಿದ್ದಳು.

“ಎಷ್ಟೊತ್ತು ಇರ್ತೀಯಾ?”

“ಮುಗಿಯೋ ತನಕ. ಆಮೇಲೆ ಟ್ರ್ಯಾಕ್ಟರ್ ಹಿಂದೇನೇ ಕಾರಲ್ಲಿ ಬರ್ತೀನಿ.”

“ಹದಿನೆಂಟು ಮೈಲಿ ಸ್ಪೀಡಲ್ಲಾ?”

“ಇನ್ನೂ ನಿಧಾನ ಹೋದ್ರೂ ಸರಿ. ಮನೆಗೆ ಹೋದ್ಮೇಲೆ ನಿನ್ನ ಕೋಣೇಲೇ ಚಾಪೆ ಹಾಕ್ಕೋತೀನಿ. ನಿದ್ದೆ ಬರದಿದ್ರೆ ಇಬ್ಬರಿಗೂ ಬರಲ್ಲ. ಬೆಳಿಗ್ಗೆ ಡಾಕ್ಟರಿಗೆ ನಾನೇ ಫೋನ್ ಮಾಡ್ತೀನಿ.”

ಬ್ರಿಟಾ ಹೂ ಕಟ್ಟಿದ್ದ ಕೈಯನ್ನು ತಟ್ಟೆಗಳ ಮೇಲಿಂದ ಚಾಚಿ, ಎಲ್ಲರೂ ನೋಡುತ್ತಿರುವಾಗಲೇ, ತಾಯಿಯ ಕಿವಿಯ ಬಳಿ ಹೊರಬಿದ್ದಿದ್ದ ಒಂದು ಗುಂಗುರನ್ನು ಬಲೆಯೊಳಗೆ ಸೇರಿಸಿದಳು. ಬೆರಳು ತಣ್ಣಗಿತ್ತು. “ವಾರೆಯಾಗಿದೆ,” ಎಂದಳು. ಆಮೇಲೆ ತಟ್ಟೆ ಹಿಡಿದು ನಕ್ಷತ್ರಗಳ ಕೆಳಗೆ ನಡೆದುಹೋದಳು. ಹಸಿರು ಉಡುಪು ಬೇರೆ ಬಣ್ಣಗಳ ನಡುವೆ ಒಮ್ಮೆ ಮುಳುಗಿತು, ಒಮ್ಮೆ ತೇಲಿತು. ಲವೋನ್ ಅದರ ಮೇಲಿಂದ ಕಣ್ಣು ತೆಗೆಯದೆ, ಮುಂದಿನ ತಟ್ಟೆಗೆ ಕೈಯ ಅಂದಾಜಿನಲ್ಲೇ ಬಡಿಸಿದಳು. ಎದುರು ಗೋಡೆಯಲ್ಲಿ, ಚೆಂಡು ತಾಗದಿರಲೆಂದು ತಂತಿಯ ಬಲೆ ಹಾಕಿದ್ದ ಗಡಿಯಾರ ಏಳೂ ಇಪ್ಪತ್ತು ತೋರಿಸುತ್ತಿತ್ತು. ಶನಿವಾರ ಇನ್ನೂ ಬಹಳ ಬಾಕಿ ಇತ್ತು.